ಹಿಂದಿನ ಎಡಗಡೆ ಟೈರು

ಏಳೂಮುಕ್ಕಾಲರ ಬಸ್ಸಿನ ಹಿಂದಿನ ಎಡಗಡೆ ಟೈರಿನಲ್ಲಿ ಏನೋ ದೋಷವಿದೆ ಎಂದು ಅವಳು ಎರಡು ವರ್ಷ ನಂಬಿಕೊಂಡಿದ್ದಳು. ನಂಬಿದ್ದಷ್ಟೇ ಅಲ್ಲ, ಬೆಳಿಗ್ಗೆ ಕಣ್ಣು ಮುಚ್ಚಿ ಕೈಮುಗಿಯುವಾಗ, ‘ಸ್ವಾಮಿ, ಆ ಟೈರು ಯಾವತ್ತೂ ನೆಟ್ಟಗಾಗದಿರಲಿ’ ಎಂದು ಬೇಡಿಕೊಳ್ಳುತ್ತಲೂ ಇದ್ದಳು. ದೇವರಿಗೂ ಇಂಥ ಬೇಡಿಕೆ ಹೊಸದಿರಬೇಕು.

ಕಾರಣವಿತ್ತು. ಅವಳ ದೊಡ್ಡ ಕರುಳಿನಲ್ಲಿ ಹುಣ್ಣು. ಮಾತ್ರೆಗೆ ಅರ್ಧ ಬಗ್ಗುತ್ತದೆ, ಎಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಏರಿಸಿಕೊಳ್ಳುವ ಡ್ರಿಪ್ಪಿಗೆ ಇನ್ನೊಂದಿಷ್ಟು ಬಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೊಟ್ಟೆ ಹಿಂಡಿತೆಂದರೆ ಅವಳ ಕೈಯಲ್ಲಿರುವುದು ಕೆಲವೇ ನಿಮಿಷ. ಬಸ್ಸಿನ ದಾರಿಯೋ ಒಂದು ಗಂಟೆ ಹತ್ತು ನಿಮಿಷ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಹಿಡಿದದ್ದು ಸಂಬಳ ನೋಡಿ ಅಲ್ಲ, ಉಜ್ಜುವ ಮೆಷಿನ್ನಿನ ಬೆನ್ನಿಗೇ ಟಾಯ್ಲೆಟ್ ಇದೆ ಎಂದು. ಸಿನಿಮಾ ಬಿಟ್ಟಿದ್ದಳು, ಗೆಳತಿಯರ ಮದುವೆಗೆ ಹೋಗುವುದನ್ನು ಬಿಟ್ಟಿದ್ದಳು. ಬೆಳಿಗ್ಗೆ ಏನೂ ತಿನ್ನದೆ, ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿದು ಬಸ್ಸು ಹತ್ತುತ್ತಿದ್ದಳು. ಆದರೂ ಕೆಲವು ದಿನ ಕರುಳು ಮಾತು ಕೇಳುತ್ತಿರಲಿಲ್ಲ. ಕಿಟಕಿಯಾಚೆ ಗಾಳಿ, ಬಿಸಿಲು, ಬಯಲು ತಮ್ಮಪಾಡಿಗೆ ಓಡುತ್ತಿರುತ್ತಿದ್ದವು. ಈಚೆ ಅವಳು ಮುಂದಿನ ಸೀಟಿನ ಕಂಬಿ ಹಿಡಿದು, ಬೋನಿಗೆ ಬಿದ್ದವಳಂತೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು.

ಅಂಥ ದಿನಗಳಲ್ಲೇ, ಅದೇನು ದೈವಕೃಪೆಯೋ, ನಡುದಾರಿಯ ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಲ್ಲುತ್ತಿತ್ತು. ಡ್ರೈವರು ಕಬ್ಬಿಣದ ರಾಡು ಹಿಡಿದು ಇಳಿದು, ಹಿಂದಿನ ಎಡಗಡೆ ಟೈರಿಗೆ ಧಪ್ ಧಪ್ ಎಂದು ಬಡಿದು ಕಿವಿಗೊಡುತ್ತಿದ್ದ. ಗಾಳಿ ಸರಿಯಿದ್ದರೆ ಒಂದು ಸದ್ದು, ಕಮ್ಮಿಯಾಗಿದ್ದರೆ ಇನ್ನೊಂದು. ಒಂದು ಏಟಿಗೆ ತಿಳಿಯುವುದನ್ನು ಅವನು ಹತ್ತು ನಿಮಿಷ ಆಲಿಸುತ್ತಿದ್ದ. ಅಷ್ಟರಲ್ಲಿ ಅವಳು ಬಂಕಿನ ಹಿಂದಿನ ಟಾಯ್ಲೆಟ್ಟಿಗೆ ಹೋಗಿ, ಮುಖ ತೊಳೆದು ಬಂದಿರುತ್ತಿದ್ದಳು.

ಪ್ಯಾಸೆಂಜರುಗಳು ಅವನಿಗೆ ‘ಟೈರ್ ಡಾಕ್ಟರ್’ ಎಂದೇ ಹೆಸರಿಟ್ಟಿದ್ದರು.

“ಏನಂತೆ ಡಾಕ್ಟ್ರೇ, ಪೇಷೆಂಟ್ ಉಳಿಯುತ್ತಾ?” ರಿಟೈರ್ಡ್ ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ ಕೇಳುತ್ತಿದ್ದರು.

“ಇವತ್ತಿಗೆ ಉಳೀತು ಸಾರ್. ನಾಳೇದು ನಾಳೆ.”

ಒಂದು ದಿನ ಹತ್ತುವಾಗ ಅವಳೇ ಮಾತಾಡಿಸಿದಳು. “ಹೊಸ ಟೈರು ಹಾಕಿಸಬಾರದಾ? ಡಿಪೋದಲ್ಲಿ ಕೇಳಿ.” ಮಾತು ತೆಗೆಯಲು ಸಿಕ್ಕಿದ್ದು ಅದೊಂದೇ, ಕೇಳಿದ ಮೇಲೆ ಹೊಳೆಯಿತು. ಹಾಕಿಸಿಬಿಟ್ಟರೆ?

ಅವನು ನೇರ ನೋಡಲಿಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದ. ಕಣ್ಣೆರಡೇ ಕಂಡವು. ಅವುಗಳ ಮೂಲೆಯಲ್ಲಿ ನಗು ಮಡಿಚಿಟ್ಟಿತ್ತು.

“ಹಳೇ ಟೈರಿಗೆ ನನ್ನ ಕಂಡ್ರೆ ಪ್ರೀತಿ ಮೇಡಂ. ಬಿಟ್ಟು ಹೋಗಲ್ಲ ಅನ್ನುತ್ತೆ.”

“ಟೈರು ನಿಮ್ಮ ಹತ್ರ ಮಾತಾಡುತ್ತಾ?”

“ಮತ್ತಿನ್ಯಾರು ಮಾತಾಡ್ತಾರೆ? ನೀವು ಬಾಯಿ ಬಿಡೋಕೆ ಎರಡು ವರ್ಷ ತಗೊಂಡ್ರಿ.”

ಅವಳು ಮೂರನೇ ಸೀಟಿಗೆ ಹೋಗಿ ಕೂತಳು. ಕಿವಿ ಬಿಸಿಯಾಗಿತ್ತು. ಆಮೇಲೆ ದಿನಾ ಎರಡೆರಡು ಮಾತು. ನಲವತ್ತು ದಾಟಿದ ಅವನಿಗೆ ಸಣ್ಣಕ್ಷರ ಕಾಣುವುದಿಲ್ಲವೆಂದು ತಿಳಿದು, ಒಂದು ಓದುವ ಕನ್ನಡಕ ಮಾಡಿಕೊಟ್ಟಳು.

“ಓಡಿಸುವಾಗ ಹಾಕ್ಕೋಬೇಡಿ, ದೂರದ್ದು ಮಂಜಾಗುತ್ತೆ.”

“ಹಾಕ್ಕೊಳ್ಳಲ್ಲ. ಮೂರನೇ ಸೀಟು ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತೆ.”

ಅವತ್ತು ಸಂಜೆ ಮನೆಗೆ ಹೋಗುವಾಗ ಅವಳಿಗೆ ಸಂತೋಷಕ್ಕಿಂತ ಹೆಚ್ಚು ಭಯವಾಯಿತು. ಮನೆಯಲ್ಲಿ ಅಮ್ಮನದು ಒಂದೇ ಮಾತು: “ಹೊಟ್ಟೆ ವಿಷಯ ಹೊಸ್ತಿಲು ದಾಟಬಾರದು. ಗೊತ್ತಾದ್ರೆ ಯಾವನು ಕೈ ಹಿಡಿತಾನೆ? ನಿಮ್ಮಣ್ಣನ ಮಕ್ಕಳಿಗೂ ಕೆಟ್ಟ ಹೆಸರು ಬರುತ್ತೆ, ಮನೆತನದ ಕಾಯಿಲೆ ಅಂತ.” ಡ್ರಿಪ್ಪಿನ ದಿನ ‘ಚಿಕ್ಕಮ್ಮನ ಮನೆಗೆ’ ಎಂದು ಬೀದಿಗೆ ಹೇಳಬೇಕು. ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದಳು. ಅಮ್ಮನ ಮೇಲೆ ಸಿಟ್ಟಿರಲಿಲ್ಲ. ಅಮ್ಮನೂ ಅದೇ ಬೋನಿನಲ್ಲಿದ್ದಳು, ಬಾಗಿಲು ಕಾಯುತ್ತ.

ಆ ಸೋಮವಾರ ಅವಳು ಬಂಕಿನ ಹಿಂದಿನಿಂದ ಬರುವ ಹೊತ್ತಿಗೆ ಚೆಕಿಂಗ್ ಇನ್ಸ್‌ಪೆಕ್ಟರ ಜೀಪು ಬಸ್ಸಿಗೆ ಅಡ್ಡ ನಿಂತಿತ್ತು.

“ಇಲ್ಲಿ ಸ್ಟಾಪ್ ಇದೆಯೇನಯ್ಯಾ?”

“ಟೈರು ನೋಡ್ತಿದ್ದೆ ಸಾರ್.”

ಇನ್ಸ್‌ಪೆಕ್ಟರು ರಾಡು ಇಸಿದುಕೊಂಡು ತಾವೇ ಬಡಿದರು. “ಕಲ್ಲಿದ್ದ ಹಾಗಿದೆ. ಹೋದ ವರ್ಷವೇ ಹೊಸದು ಹಾಕಿದ್ದು, ರಿಜಿಸ್ಟರಲ್ಲಿದೆ. ಬೇರೆ ಯಾರೂ ನಿಲ್ಲಿಸದ ಜಾಗದಲ್ಲಿ ನೀನೊಬ್ಬನೇ ನಿಲ್ಲಿಸ್ತೀಯ. ಈ ಬಂಕಿನವರ ಹತ್ರ ಏನು ವ್ಯವಹಾರ? ಡೀಸೆಲ್ ಇಳಿಸ್ತೀಯಾ?”

ಡೀಸೆಲ್ ಕಳ್ಳ ಎಂದು ಬರೆದರೆ ಕೆಲಸವೇ ಹೋಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತು. ಅವನು ನೆಲ ನೋಡಿದ, ಜೀಪು ನೋಡಿದ, ಆಕಾಶ ನೋಡಿದ. ಅವಳ ಕಡೆ ಮಾತ್ರ ನೋಡಲಿಲ್ಲ. ನೋಡದೇ ಇರಲು ಅವನು ಪಡುತ್ತಿದ್ದ ಪಾಡು ಕಂಡಾಗ ಅವಳಿಗೆ ಎಲ್ಲ ತಿಳಿದುಹೋಯಿತು. ಟೈರಿಗೆ ಯಾವ ದೋಷವೂ ಇರಲಿಲ್ಲ, ಒಂದು ದಿನವೂ.

ಎರಡನೇ ಸೀಟಿನ ಕಿಟಕಿಯಲ್ಲಿ ಎದುರುಮನೆ ಆಂಟಿಯ ಮುಖವಿತ್ತು. ಬಾಯಿ ಬಿಟ್ಟರೆ ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

“ನನಗೋಸ್ಕರ ನಿಲ್ಲಿಸಿದ್ದು ಸಾರ್.” ದನಿ ನೂಲಿನಷ್ಟು ತೆಳ್ಳಗಿತ್ತು. “ನನಗೆ ಕರುಳಿನ ಕಾಯಿಲೆ. ಬಂದ್ರೆ ತಡೆಯೋಕಾಗಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಸ್ಪತ್ರೆ ಚೀಟಿ ಬ್ಯಾಗಲ್ಲೇ ಇದೆ, ನೋಡಿ.”

ಮೇಷ್ಟ್ರು ಗಡಿಯಾರ ನೋಡುವುದನ್ನು ಬಿಟ್ಟು ತಲೆ ಒಳಗೆಳೆದುಕೊಂಡರು. ಇನ್ಸ್‌ಪೆಕ್ಟರು ಚೀಟಿ ಓದಿ, ಮಡಿಸಿ, ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಡೀಸೆಲ್ ಮಾತು ಬಿಟ್ಟರು. ಆದರೆ ಟೈಮ್ ತಪ್ಪಿಸಿದ್ದು ತಪ್ಪೇ ಎಂದು ಬರೆದುಕೊಂಡರು. ಮರುದಿನದಿಂದ ಅವನನ್ನು ಡಿಪೋದೊಳಗಿನ ಕೆಲಸಕ್ಕೆ ಹಾಕಿದರು.

ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, “ಎಲ್ಲರೆದುರು ಹೇಳುವಷ್ಟು ಅವನು ಯಾರೇ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುವಾರ ಡ್ರಿಪ್. ಹೊಸ ಡ್ರೈವರು ಎಲ್ಲಿಯೂ ನಿಲ್ಲಿಸುವುದಿಲ್ಲ. ಬಸ್‌ಸ್ಟಾಪಿನಲ್ಲಿ ಹೆಜ್ಜೆ ಮುಂದಿಡಲಾಗದೆ ನಿಂತಿದ್ದವಳ ಪಕ್ಕಕ್ಕೆ ಒಂದು ಹಳೇ ಸ್ಕೂಟರು ಬಂತು.

“ಚೀಟಿಯಲ್ಲಿ ಗುರುವಾರ ಅಂತಿತ್ತಲ್ಲ, ರಜಾ ಹಾಕಿದೀನಿ. ಇದು ಎಲ್ಲಿ ಬೇಕಾದ್ರೂ ನಿಲ್ಲುತ್ತೆ.”

ಎರಡು ಕಡೆ ನಿಂತಿತು.

ಆಸ್ಪತ್ರೆಯಲ್ಲಿ ನರ್ಸು ಅವಳ ಎಡಗೈಗೆ ಸೂಜಿ ಚುಚ್ಚಿ, ಬಾಟಲಿ ತೂಗುಹಾಕಿ ಹೋದಳು. ಅವನು ಪ್ಲಾಸ್ಟಿಕ್ ಸ್ಟೂಲಿನಲ್ಲಿ, ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದ.

“ಎಷ್ಟು ಹೊತ್ತು ಇದು?”

“ಎರಡೂವರೆ ಗಂಟೆ.”

“ಎಷ್ಟು ದಿನ?”

“ಬದುಕಿರೋವರೆಗೆ. ಈ ಔಷಧಿ ಹಿಡಿಯದೇ ಹೋದರೆ ಕರುಳು ಕೊಯ್ದು, ಹೊಟ್ಟೆಗೆ ಚೀಲ ಅಂಟಿಸಬೇಕಾಗಬಹುದು.” ಹೆದರಿಸಲೆಂದೇ ಹೇಳಿದಳು. ಎದ್ದು ಹೋಗುವವನು ಈಗಲೇ ಹೋಗಲಿ ಎಂದು.

ಅವನು ಹೋಗಲಿಲ್ಲ. ಕೊಳವೆಯಲ್ಲಿ ಹನಿ ಬೀಳುವುದನ್ನೇ ನೋಡುತ್ತಿದ್ದ.

“ನಿಮಗೆ ಹೇಗೆ ಗೊತ್ತಾಯ್ತು?” ಅವಳೇ ಕೇಳಿದಳು.

“ಕಾಯಿಲೆ ಗೊತ್ತಿರಲಿಲ್ಲ. ಮೊದಲನೇ ಸಲ ನಿಜವಾಗ್ಲೂ ಗಾಳಿ ನೋಡೋಕೇ ನಿಲ್ಲಿಸಿದ್ದೆ. ನೀವು ಇಳಿಯುವಾಗ ಒಂದು ಮುಖ, ಹತ್ತುವಾಗ ಇನ್ನೊಂದು ಮುಖ. ಆ ಎರಡನೇ ಮುಖ ಮತ್ತೆ ನೋಡಬೇಕು ಅನ್ನಿಸ್ತು. ಕನ್ನಡಿಯಲ್ಲಿ ಮೊದಲನೇ ಮುಖ ಕಂಡಾಗೆಲ್ಲ ನಿಲ್ಲಿಸ್ದೆ.” ಸ್ಟೂಲು ಹತ್ತಿರ ಎಳೆದುಕೊಂಡು, “ಸುಮ್ಸುಮ್ನೆ ನಿಲ್ಲಿಸಿದ್ದೂ ಉಂಟು,” ಎಂದ.

ಅವಳಿಗೆ ನಗು ಬಂತು, ಹಿಂದೆಯೇ ಅಳು.

“ನನ್ನದು ಎರಡು ರೂಮಿನ ಬಾಡಿಗೆ ಮನೆ, ಒಬ್ಬನೇ ಇರೋದು,” ಅವನು ಗೋಡೆಗೆ ಹೇಳುವಂತೆ ಹೇಳಿದ. “ಮಂಚದಿಂದ ಟಾಯ್ಲೆಟ್ಟಿಗೆ ಏಳು ಹೆಜ್ಜೆ. ಅಡುಗೆಮನೆಯಿಂದ ಐದು. ನಿನ್ನೆ ಅಳೆದೆ.”

“ನಿಮ್ಮ ಹೆಜ್ಜೆಯಲ್ಲೋ, ನನ್ನ ಹೆಜ್ಜೆಯಲ್ಲೋ?”

“ನೀವೇ ಬಂದು ಅಳೀಬೇಕು.”

ಅವಳು ಉತ್ತರ ಕೊಡುವಷ್ಟರಲ್ಲಿ ಹೊಟ್ಟೆ ಹಿಂಡಿತು. ಹದಿನಾಲ್ಕು ವರ್ಷ ಅವಳು ಒಬ್ಬಳೇ, ಯಾರೂ ನೋಡದ ಹೊತ್ತು ಕಾದು, ಆ ಕಿರುಗುಟ್ಟುವ ಸ್ಟ್ಯಾಂಡನ್ನು ಎಳೆದುಕೊಂಡು ಹೋಗುತ್ತಿದ್ದಳು. ಈಗ ಅವಳು ಏಳುವ ಮೊದಲೇ ಅವನು ಸ್ಟ್ಯಾಂಡಿಗೆ ಕೈ ಹಾಕಿದ್ದ. ಸಾಲಾಗಿ ಕೂತ ರೋಗಿಗಳ ನಡುವೆ, ಎಲ್ಲರ ಕಣ್ಣೆದುರು, ಇಬ್ಬರೂ ಕೊಳವೆಯುದ್ದದ ಅಂತರದಲ್ಲಿ ಹೆಜ್ಜೆ ಹಾಕಿದರು.

“ಅಳೆಯೋಕೆ ಬರ್ತೀನಿ,” ಟಾಯ್ಲೆಟ್ಟಿನ ಬಾಗಿಲ ಹತ್ತಿರ ಅವಳು ಮೆಲ್ಲಗೆ ಅಂದಳು. “ಈಗ ಮಾತ್ರ ಒಳಗೆ ಸ್ವಲ್ಪ ಹೊತ್ತು ಹಿಡಿಯುತ್ತೆ.”

ಅವನು ಸ್ಟ್ಯಾಂಡನ್ನು ಅವಳ ಕೈಗೆ ಕೊಟ್ಟು, ಬಾಗಿಲಿಗೆ ಬೆನ್ನು ಮಾಡಿ ನಿಂತ.

“ನಿಧಾನಕ್ಕೆ ಬಾ,” ಎಂದ.