ಇನ್ನೊಂದು ಅಕ್ಷರ

"ಕಂಪ್ಯೂಟರ್ ಓಡಿಸೋಕಲ್ಲ. ಥರ್ಮಾಕೋಲ್ ಕತ್ತರಿಸೋಕೆ" ಎಂದ ಅವನು.

ಕೌಂಟರಿನ ಆಚೆ ನಿಂತವನನ್ನು ಅವಳು ಮೇಲಿಂದ ಕೆಳಗೆ ನೋಡಿದಳು. ಹುಬ್ಬಿನಲ್ಲಿ, ಕಾಲರಿನ ಮಡಿಕೆಯಲ್ಲಿ ಬಿಳಿ ಕಾಳುಗಳು ಅಂಟಿಕೊಂಡಿದ್ದವು. ಚಿಕ್ಕಪ್ಪನ ಹಳೇ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಕೆಲಸವೆಲ್ಲ ಅವಳದೇ. ಕಂಪ್ಯೂಟರಿಗೆ ಕರೆಂಟ್ ಕೊಡುವ ಹಳೇ ಪವರ್ ಸಪ್ಲೈ ಕೇಳಿ ಬಂದವರು ಎಷ್ಟೋ ಮಂದಿ, ಆದರೆ ಇಂಥ ಕಾರಣ ಯಾರೂ ಹೇಳಿರಲಿಲ್ಲ.

"ಚಾಕು ಸಿಗಲಿಲ್ವಾ?"

"ಚಾಕುನಲ್ಲಿ ಕತ್ತರಿಸಿದ್ರೆ ಅಕ್ಷರ ಇಲಿ ಕಚ್ಚಿದ ಹಾಗಿರುತ್ತೆ. ನಾನು ಮದುವೆ ಸ್ಟೇಜಿಗೆ ಹುಡುಗ ಹುಡುಗಿಯ ಹೆಸರಿನ ಮೊದಲ ಅಕ್ಷರ ಮಾಡೋನು. ತಂತಿ ಕಾಯಿಸಿ ಕತ್ತರಿಸ್ತೀನಿ. ಈಗಿರೋ ಚಾರ್ಜರ್‌ಗೆ ದಮ್ಮಿಲ್ಲ, ಹುಡುಗಿ ಮುಗಿದು ಹುಡುಗನ ಹತ್ತಿರ ಬರೋಷ್ಟರಲ್ಲಿ ತಣ್ಣಗಾಗಿಬಿಡುತ್ತೆ."

ಅವಳು ನಗು ನುಂಗಿಕೊಂಡು ಗುಜರಿ ರಾಶಿಯಿಂದ ಒಂದು ಪವರ್ ಸಪ್ಲೈ ಪೆಟ್ಟಿಗೆ ಎಳೆದಳು.

ಮರುದಿನ ಸಂಜೆ ಅವನು ಬಂದಾಗ ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಒಳಗೆ ಧೂಳು ಕಂಬಳಿಯಂತೆ ಹರಡಿತ್ತು. ಅವನು ಬೆರಳು ಚಾಚಿದ.

"ಅಲ್ಲಿ ಕೈ ಇಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತೆ."

"ನಿಮಗೆ ಯಾವತ್ತಾದ್ರೂ ಹೊಡೆದಿದೆಯಾ?"

"ಒಂದ್ಸಲ. ಅವತ್ತಿಂದ ಮರ್ಯಾದೆ ಕೊಡ್ತೀನಿ."

"ನಾನು ನೋಡಿ, ಹೊಡೆಸಿಕೊಳ್ಳದೇನೇ ಕೊಡ್ತಿದ್ದೀನಿ" ಎಂದ ಅವನು. ನೋಡಿದ್ದು ಮಾತ್ರ ಪೆಟ್ಟಿಗೆಯನ್ನಲ್ಲ.

ತಲೆ ಉಬ್ಬಿದ್ದ ಎರಡು ಕೆಪಾಸಿಟರ್ ಕಿತ್ತು ಅವಳು ಹೊಸದು ಬೆಸೆದಳು. ಗೊರಗುಟ್ಟುತ್ತಿದ್ದ ಫ್ಯಾನ್ ಬದಲಿಸಿದಳು. ಕಂಪ್ಯೂಟರ್ ಇಲ್ಲದೆಯೂ ಪೆಟ್ಟಿಗೆ ಆನ್ ಆಗಬೇಕಲ್ಲ, ಅದಕ್ಕೆ ಹಸಿರು ವೈರಿಗೊಂದು ಸ್ವಿಚ್ಚು ಕೂರಿಸಿದಳು. ತಂತಿ ಕಾಯಿಸಲು ಬೇಕಾದ ಹಳದಿ ವೈರುಗಳನ್ನೆಲ್ಲ ಜಡೆಯಂತೆ ಒಟ್ಟು ಮಾಡಿ ಹೊರಗೆ ತಂದಳು. ಇದಕ್ಕೆಲ್ಲ ಹಲವು ಸಂಜೆಗಳು ಹಿಡಿದವು. ಅವನು ಟಾರ್ಚ್ ಹಿಡಿದು ಕೂರುತ್ತಿದ್ದ. ಬೆಳಕು ಅವಳ ಬೆರಳುಗಳ ಮೇಲಿಂದ ಮೆಲ್ಲಗೆ ಕೆನ್ನೆಗೆ ಏರುತ್ತಿತ್ತು.

"ಬೆಳಕು ಇಲ್ಲಿ ಬೇಕು."

"ಕೈ ಜಾರ್ತು."

ಚಿಕ್ಕಪ್ಪ ಅವಳ ಹೆಸರು ಹಿಡಿದು ಕೂಗಿದಾಗಲೆಲ್ಲ ಅವಳಿಗಿಂತ ಮೊದಲು ಅವನು ತಲೆಯೆತ್ತುತ್ತಿದ್ದ.

ಪೆಟ್ಟಿಗೆ ಒಯ್ಯುವ ದಿನ ಅವನು ಬಾಗಿಲಿಗೆ ಬಂದಾಗ ಚಿಕ್ಕಪ್ಪ ಒಳಗೆ ಫೋನಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದರು. "ನಮ್ಮ ಹುಡುಗೀದು ಎಲ್ಲ ಫಿಕ್ಸ್ ಆಯ್ತಪ್ಪ. ಮುಂದಿನ ತಿಂಗಳು ಕಳಿಸಿಕೊಡ್ತೀವಿ." ಊರಿನ ಆಚೆ ತುದಿಯಲ್ಲಿ ತೆರೆಯಲಿದ್ದ ಹೊಸ ಅಂಗಡಿಯ ಮಾತು ಅದು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

"ರೆಡಿ ಇದೆಯಾ, ಮೇಡಂ?" ಎಂದ ಅವನು.

ಮೇಡಂ? ನಿನ್ನೆಯವರೆಗೂ ಹೆಸರು ಹಿಡಿದು ಕರೆಯುತ್ತಿದ್ದವನಿಗೆ ಈ ಪದ ಎಲ್ಲಿಂದ ಬಂತು? ಪೆಟ್ಟಿಗೆ ಕೈಗೆ ಕೊಟ್ಟಳು. ಅವನು ಕಣ್ಣೆತ್ತಲಿಲ್ಲ. ಹೊಸಿಲು ದಾಟಿದವನು ಮತ್ತೆ ತಿರುಗಿದ.

"ನಿಮಗೆ ಯಾವ ಬಣ್ಣ ಇಷ್ಟ?"

"ಯಾಕೆ, ಪೆಟ್ಟಿಗೆಗೆ ಪೇಂಟ್ ಮಾಡ್ತೀರಾ?"

"ಸುಮ್ನೆ ಕೇಳ್ದೆ."

"ತಿಳಿನೀಲಿ" ಎಂದಳು, ಏನೂ ಅರ್ಥವಾಗದೆ.

ಆಮೇಲಿನ ದಿನಗಳಲ್ಲಿ ಅವಳಿಗೆ ತಲೆಬುಡ ತಿಳಿಯಲಿಲ್ಲ. ತಾನೇನಾದರೂ ಅಂದೆನೇ? ಸಿಟ್ಟು ಬಂದವನು ಬಣ್ಣ ಯಾಕೆ ಕೇಳುತ್ತಾನೆ? ಸಿಟ್ಟಿಲ್ಲದಿದ್ದರೆ ಮೇಡಂ ಯಾಕೆ? ಸರಿಯಿದ್ದ ಮದರ್‌ಬೋರ್ಡನ್ನು ಕೆಟ್ಟಿದೆಯೆಂದು ಬದಿಗಿಟ್ಟಳು, ಕೆಟ್ಟದ್ದನ್ನು ಗಿರಾಕಿಗೆ ಕೊಟ್ಟು ಕಳಿಸಿದಳು.

"ಪುಟ್ಟಿ, ಎಲ್ಲಿದೆಯೇ ನಿನ್ನ ಜ್ಞಾನ?" ಎಂದರು ಚಿಕ್ಕಪ್ಪ. ಗೊತ್ತಿದ್ದರೆ ಹೇಳುತ್ತಿದ್ದಳು.

ಆಗಲೇ ಅವನ ಫೋನ್ ಬಂತು. "ತಂತಿ ಜೋಡಿಸಿದ ತಕ್ಷಣ ಪೆಟ್ಟಿಗೆ ಆಫ್ ಆಗುತ್ತೆ, ಮೇಡಂ."

ತಂದುಕೊಡಿ ಎನ್ನಬೇಕಿತ್ತು. "ನಾನೇ ಬರ್ತೀನಿ" ಎಂದುಬಿಟ್ಟಿತು ಬಾಯಿ.

ಅವನ ಅಂಗಡಿಯ ಬಾಗಿಲ ಮೇಲೆ ಕೆತ್ತಿದ ಅಕ್ಷರಗಳ ದೊಡ್ಡ ಬೋರ್ಡಿತ್ತು. ಅವಳು ಅದರಲ್ಲಿದ್ದ ಹೆಸರನ್ನು ಓದಿಕೊಂಡೇ ಒಳಗೆ ಹೋದಳು. ದೋಷ ಹುಡುಕಲು ಹೊತ್ತು ಬೇಕಾಗಲಿಲ್ಲ.

"ತಂತಿ ಗಿಡ್ಡ ಆಯ್ತು. ಗಿಡ್ಡ ತಂತಿ ಜಾಸ್ತಿ ಕರೆಂಟ್ ಎಳೆಯುತ್ತೆ. ಸುಟ್ಟುಹೋಗಬಾರದು ಅಂತ ಪೆಟ್ಟಿಗೆ ತಾನೇ ಆಫ್ ಆಗುತ್ತೆ." ಉದ್ದದ ತಂತಿ ಬಿಗಿದು ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು, ನಿಲ್ಲಲಿಲ್ಲ.

ಏಳುವಾಗ ಗೋಡೆಯ ಕಡೆ ಕಣ್ಣು ಹೋಯಿತು. ಎದೆಯೆತ್ತರದ ತಿಳಿನೀಲಿ ಅಕ್ಷರವೊಂದು ಅಲ್ಲಿ ಒರಗಿತ್ತು. ಅವಳ ಹೆಸರಿನ ಮೊದಲ ಅಕ್ಷರ. ಪಕ್ಕದಲ್ಲಿ ಖಾಲಿ ಜಾಗ.

"ಇದು ಯಾರ ಮದುವೆಗೆ?"

ಅವನು ಕೈ ಒರೆಸಿಕೊಂಡ. "ಮುಚ್ಚಿಡಬೇಕಿತ್ತು. ನನ್ನ ಕಡೆಯಿಂದ ಉಡುಗೊರೆ. ಹೇಗೂ ಬಂದಿದ್ದೀರಲ್ಲ, ಇನ್ನೊಂದು ಅಕ್ಷರ ಹೇಳಿಬಿಡಿ."

"ಯಾವ ಇನ್ನೊಂದು?"

"ಹುಡುಗಂದು."

"ಯಾವ ಹುಡುಗ?"

"ನನ್ನ ಕೇಳಿದ್ರೆ? ಎಲ್ಲ ಫಿಕ್ಸ್ ಆಯ್ತು, ಮುಂದಿನ ತಿಂಗಳು ಕಳಿಸಿಕೊಡ್ತೀವಿ ಅಂತ ನಿಮ್ಮ ಚಿಕ್ಕಪ್ಪನೇ ಫೋನಲ್ಲಿ ಅಂತಿದ್ರಲ್ಲ."

"ಅದು ಹೊಸ ಅಂಗಡಿಗೆ. ನನ್ನ ಕಳಿಸ್ತಿರೋದು ರಿಪೇರಿ ಮಾಡೋಕೆ."

ಅವನು ಪಕ್ಕದ ಥರ್ಮಾಕೋಲ್ ದಿಮ್ಮಿಯ ಮೇಲೆ ಕುಸಿದು ಕೂತ. ಅದು ಲಟಕ್ಕನೆ ಮುರಿಯಿತು. ಅವನಿಗೆ ಪರಿವೆಯಿಲ್ಲ.

"ಮದುವೆ ಅಂದ್ಕೊಂಡು ಮೇಡಂ ಅಂದ್ರಾ?"

"ಇನ್ನೇನಂತ ಕರೀಲಿ? ನಿಮ್ಮ ಹೆಸರು ಗಂಟಲು ದಾಟ್ತಿರಲಿಲ್ಲ." ನೆಲ ನೋಡಿಕೊಂಡೇ ಮುಂದುವರಿಸಿದ. "ಇನ್ನೊಬ್ಬನ ಅಕ್ಷರ ನನ್ನ ಕೈಯಾರೆ ಕತ್ತರಿಸಿದ್ರೆ ಮನಸ್ಸು ತೆಪ್ಪಗಾಗುತ್ತೆ ಅಂದ್ಕೊಂಡೆ. ನಿಮ್ಮದನ್ನ ಮುಗಿಸಿದೆ. ಅಲ್ಲೇ ನಿಂತೆ."

ಅವಳ ಇಷ್ಟು ದಿನದ ಗೊಂದಲದೊಳಗಿಂದ ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೊರಬಂತು.

"ಹಾಗಾದ್ರೆ ಬರ್ಕೊಳ್ಳಿ. ಹೊರಗೆ ಬೋರ್ಡಲ್ಲಿದೆಯಲ್ಲ, ಅದರ ಮೊದಲ ಅಕ್ಷರ."

ಅವನು ಬಾಗಿಲು ನೋಡಿದ. ಅವಳನ್ನು ನೋಡಿದ. ಮತ್ತೆ ಬಾಗಿಲು ನೋಡಿದ.

"ಅದು ನಮ್ಮಪ್ಪನ ಹೆಸರು."

ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು. "ನನ್ನ ಫೋನಲ್ಲಿ ನೀವು ಬರೀ ಥರ್ಮಾಕೋಲ್. ಹೆಸರು ಕೇಳೋಕೇ ಮರೆತೆ."

ಹೇಳುವ ಬದಲು ಅವನು ಹೊಸ ಹಾಳೆ ಎತ್ತಿ ತಂತಿಗೆ ಹಿಡಿದ. ತಂತಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಅಕ್ಷರದ ಹೊಟ್ಟೆ ಮೂಡುತ್ತಿದ್ದಂತೆ ಅವಳು ಬಗ್ಗಿ ನೋಡಿದಳು.

"ಪ?"

"ಅಲ್ಲ."

"ಷ?"

"ತಾಳಿ" ಎಂದ ಅವನು.

ಅಕ್ಷರ ಬಿಡಿಸಿ ಅವಳ ಅಕ್ಷರದ ಪಕ್ಕ ನಿಲ್ಲಿಸಿದ. ಅವಳು ಅದನ್ನು ಮೆಲ್ಲಗೆ ಉಚ್ಚರಿಸಿದಳು.

"ಉಳಿದದ್ದು?"

"ನೀವು ಬಂದಾಗಲೆಲ್ಲ ಒಂದೊಂದೇ ಹೇಳ್ತೀನಿ. ಆದ್ರೆ ಮುಂದಿನ ತಿಂಗಳಿಂದ ನೀವು ದೂರ."

"ಅಲ್ಲಿಂದ ಇಲ್ಲಿಗೆ ನೇರ ಬಸ್ಸಿದೆ" ಎಂದಳು ಅವಳು. "ಹೊಸ ಅಂಗಡಿ ಮಾತು ಬಂದಾಗಲೇ ವಿಚಾರಿಸಿಟ್ಟಿದ್ದೀನಿ. ಯಾಕೆ ಅಂತ ಆಗ ನನಗೇ ಗೊತ್ತಿರಲಿಲ್ಲ."