ಕಿಟಕಿಯ ಕೆಳಗೆ ನಿಂತವನು

“ಅದು ಪ್ರೀತಿ ಅಲ್ರೀ!”

ಜಯನಗರದ ಫಿಲಂ ಕ್ಲಬ್ಬಿನ ಪುಟ್ಟ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ಅನ್ನಪೂರ್ಣ ಎದ್ದು ನಿಂತಿದ್ದಳು.

೨೦೦೨ರ ಒಂದು ಭಾನುವಾರ. ಹಳೆಯ ಕಪ್ಪು-ಬಿಳುಪು ಸಸ್ಪೆನ್ಸ್ ಚಿತ್ರವೊಂದು ಆಗಷ್ಟೇ ಮುಗಿದಿತ್ತು. ಒಬ್ಬಳನ್ನು ಬೀದಿಬೀದಿ ಹಿಂಬಾಲಿಸುವವನ ಕಥೆ. ಕ್ಲಬ್ ನಡೆಸುತ್ತಿದ್ದ ಸೀನು, “ಅವಳನ್ನ ನೋಡದೇ ಬದುಕೋಕಾಗದಷ್ಟು ಪ್ರೀತಿ ಅವನದು” ಎಂದಿದ್ದ.

“ಮತ್ತೇನು ಮೇಡಂ?” ಅವನು ಮೆಲ್ಲಗೆ ಕೇಳಿದ.

“ಆಕಿ ಕಡಿಂದ ನೋಡ್ರಿ. ಬೆನ್ನ ಹಿಂದ ಹೆಜ್ಜಿ ಸಪ್ಪಳ ಕೇಳಿದ್ರ ಎದಿ ಒಡೀತದ!”

ಅವಳು ಹೊರಗೆ ನಡೆದುಬಿಟ್ಟಳು. ಮುಂದಿನ ವಾರ ಅವಳಾಗಿಯೇ ಬಂದಾಗ ಸೀನು ಹೇಳಿದ, “ಆ ಸಿನಿಮಾನ ಎಷ್ಟೋ ಸಲ ನೋಡಿದ್ದೆ. ಅವಳ ಕಡೆಯಿಂದ ಒಂದ್ಸಲಾನೂ ನೋಡಿರ್ಲಿಲ್ಲ.”

ಕಾಫಿ ಕುಡಿಯುತ್ತಾ ಅವಳು ಎಲ್ಲ ಹೇಳಿಕೊಂಡಳು. ಬಿಜಾಪುರದಲ್ಲಿ ಒಬ್ಬ ಅವಳ ಬೆನ್ನು ಬಿದ್ದಿದ್ದ. ಒಲ್ಲೆ ಎಂದಾಗ ಅವಳ ಮನೆಯ ಮುಂದೆಯೇ ವಿಷ ಕುಡಿದ. ಅವನೇನೋ ಬದುಕಿಕೊಂಡ... ಊರು ಬೈದದ್ದು ಮಾತ್ರ ಅವಳನ್ನು! ಅದಕ್ಕೇ ಈ ಬಿಟಿಎಂನ ಬಾಡಿಗೆ ಕೋಣೆ, ಆಫೀಸಿನ ಕೆಲಸ.

ಭಾನುವಾರಗಳು ಉರುಳಿದವು. ಸೀನುವಿನ ತಾಯಿ ಗಿರಿಜಾದೇವಿ ಅವಳನ್ನು ಯಡಿಯೂರಿನ ಮನೆಗೆ ಊಟಕ್ಕೂ ಕರೆದರು. ‘ಈ ಮನುಷ್ಯಾನ ಹತ್ರ ಅಂಜಿಕಿನ ಬರೂದಿಲ್ಲಲ್ಲ!’ ಅವಳಿಗೇ ಅಚ್ಚರಿ.

ಒಂದು ವಾರ ಜ್ವರ ಬಂದು ಮಲಗಿದಳು. ಒಂದು ಸಂಜೆ ಕಿಟಕಿ ತೆರೆದರೆ... ಕೆಳಗೆ, ದೀಪದ ಕಂಬದ ಪಕ್ಕ, ಮೇಲಕ್ಕೇ ನೋಡುತ್ತಾ ನಿಂತಿದ್ದಾನೆ ಸೀನು!

ಅವಳು ಅವನಿಗೆ ಮನೆಯ ವಿಳಾಸ ಕೊಟ್ಟೇ ಇರಲಿಲ್ಲ.

“ಮನಿ ಹೆಂಗ ಗೊತ್ತಾತು?” ಕಿಟಕಿಯಿಂದಲೇ ಕೇಳಿದಳು.

“ನಿಮ್ಮ ಆಫೀಸಲ್ಲಿ ವಿಚಾರಿಸ್ದೆ. ಭಾನುವಾರ ನೀವು ಕ್ಲಬ್ಬಿಗೆ ಬರ್ಲಿಲ್ಲ, ಗಾಬರಿ ಆಯ್ತು, ಅದಕ್ಕೇ...”

“ನೀವೂ ಅಂಥವ್ರೇ ಏನ್ರೀ!”

ಸೀನುವಿನ ಮುಖ ಬಿಳಿಚಿಕೊಂಡಿತು. “ತಪ್ಪಾಯ್ತು. ಇನ್ಮೇಲೆ ಬರಲ್ಲ.”

ಬರಲಿಲ್ಲ. ಫೋನೂ ಮಾಡಲಿಲ್ಲ. ದಿನವೂ ಕಿಟಕಿಯ ಸಂದಿಯಿಂದ ಇಣುಕುತ್ತಿದ್ದಳು. ಯಾರೂ ಇಲ್ಲ. ಮೊದಮೊದಲು ನೆಮ್ಮದಿ... ಬರಬರುತ್ತಾ ಆ ನೆಮ್ಮದಿಯೇ ಎದೆಯ ಮೇಲೆ ಕಲ್ಲಾಯಿತು. ‘ಬ್ಯಾಡ ಅಂದದ್ದನ್ನ ಕೇಳಿಸ್ಕೊಂಡಾಂವ ಇವನೊಬ್ಬನ...’ ಕಣ್ಣು ತುಂಬಿ ಬಂತು.

ಮೋಡ ಕವಿದ ಒಂದು ಮಧ್ಯಾಹ್ನ ಯಡಿಯೂರಿಗೆ ಹೋಗಿ ಬಾಗಿಲು ತಟ್ಟಿದಳು. ಸೀನು ಸೊರಗಿ ಹೋಗಿದ್ದ. ಬಾಗಿಲನ್ನು ಪೂರ್ತಿ ತೆರೆದು, ಪಕ್ಕಕ್ಕೆ ಸರಿದು ನಿಂತ.

“ಅಂಜಿಕಿ ಇನ್ನೂ ಹೋಗಿಲ್ರಿ. ಹೋಗ್ತದೋ ಇಲ್ಲೋ...”

“ಇರ್ಲಿ. ಅದನ್ನೂ ಕರ್ಕೊಂಡೇ ಬನ್ನಿ.”

“ಒಂದಿನ ಎದ್ದು ಹೋಗಿಬಿಟ್ರ? ಹುಡುಕ್ಕೊಂಡು ಬರ್ತೀರೇನು?”

“ಇಲ್ಲ... ಒಬ್ಬನೇ ಕೂತ್ಕೊಂಡು ಅಳ್ತೀನಿ, ಅಷ್ಟೇ.”

ಅನ್ನಪೂರ್ಣ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೊದಲ ಸಲ ಅವನ ಕೈ ಹಿಡಿದಳು.

“ಅಳಬ್ಯಾಡ್ರಿ. ನಾ ಎಲ್ಲೂ ಹೋಗೂದಿಲ್ಲ.”