ಪೆಟ್ಟಿಗೆಯ ಮೇಲಿದ್ದ ಕೆಂಪು ಚೀಟಿ

ಮೊದಲನೆಯ ಲಕೋಟೆಯಲ್ಲೇ ಕೆಂಪು ಚೀಟಿ ಸಿಕ್ಕಿತು.

ಕ್ಯಾಪ್ಟನ್ ತಂಗಾರಾ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ. ಎದುರಿಗೆ ರಾಜಧಾನಿಯಿಂದ ಕರೆಸಿದ ಫೋಟೋದವನು. ಹೊಳೆಯಾಚೆಯ ಅವನ ಠಾಣೆಯ ಅಂಗಳದಲ್ಲಿ ಡೋಲಿನವರು. ಎಣಿಕೆ ಶುರುವಾಗುವ ಮುಂಚೆಯೇ ‘ನೂರಕ್ಕೆ ನೂರು’ ಎಂದು ಬಟ್ಟೆಯ ಮೇಲೆ ಬರೆಸಿ ಮಾವಿನ ಮರಕ್ಕೆ ಕಟ್ಟಿಸಿದ್ದ. ಬೀಗ ತೆಗೆದು, ಎಲ್ಲಕ್ಕಿಂತ ಮೇಲಿರುವ ಲಕೋಟೆಯನ್ನು ತಾನೇ ಬಿಚ್ಚಬೇಕು, ಆ ಫೋಟೋ ಪತ್ರಿಕೆಗೆ ಹೋಗಬೇಕು ಎಂಬುದು ಅವನದೇ ಆಸೆ. ಆಸೆ ಕೈಗೂಡಿತು.

ಉಳಿದ ಲಕೋಟೆಗಳನ್ನು ಗುಮಾಸ್ತರು ಬಿಚ್ಚಿದರು. ಬಿಳಿ. ಬಿಳಿ. ಬಿಳಿ. ತಳದವರೆಗೂ ಬಿಳಿಯೇ.

ಬಿಳಿ ಎಂದರೆ ಹೊಸ ಸಂವಿಧಾನಕ್ಕೆ ಹೌದು, ಕೆಂಪು ಎಂದರೆ ಬೇಡ. ಆ ಸಂವಿಧಾನದಲ್ಲಿ ಏನಿದೆ ಎಂದು ಸರ್ಕಾರದವರು ಯಾರೂ ನಮಗೆ ಓದಿ ಹೇಳಲಿಲ್ಲ. ಹೇಳಿದವರು ಶಾಲೆಯ ಮೇಷ್ಟ್ರು ಅತಿಮೆ ಗಿಂದೊ. ಬಂದೂಕು ಹಿಡಿದು ಕುರ್ಚಿ ಹತ್ತಿದ ಜನರಲ್ ಸಾಹೇಬ ಇನ್ನು ಇಳಿಯುವ ಹಾಗಿಲ್ಲ ಎಂಬುದೇ ಅದರ ಸಾರ ಎಂದು ಮನೆಮನೆಗೆ ಹೋಗಿ, ತಗ್ಗಿದ ದನಿಯಲ್ಲಿ ಹೇಳಿ ಬಂದಿದ್ದರು.

ನಾನು ತೆನಿನ್, ಬಾನಿ ನದಿಯ ಈಚೆ ದಡದ ಬೆಸ್ತರ ಊರಿನ ಸೂಲಗಿತ್ತಿ. ನನ್ನ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ, ಆದರೂ ಮತದಾನದ ದಿನ ಜನರ ಬೆರಳು ಹಿಡಿದು ಶಾಯಿಗೆ ಅದ್ದುವ ಕೆಲಸವನ್ನು ನನಗೆ ಹಚ್ಚಿದ್ದರು. ಎಷ್ಟೋ ಕೂಸುಗಳನ್ನು ಎತ್ತಿದ ಕೈಯಿದು, ಅಂಥ ಹೊಲಸು ಕೆಲಸ ಅದುವರೆಗೆ ಮಾಡಿರಲಿಲ್ಲ. ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿನ ಶಾಯಿ ಹೋಗಲೇ ಇಲ್ಲ.

ಕ್ಯಾಪ್ಟನ್ ಯೋಚನೆಗೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ಮೇಲಿರುವುದು ಯಾವುದು? ಕೊನೆಗೆ ಬಿದ್ದದ್ದು. ನಮ್ಮ ಶಾಲೆಯ ಮತಗಟ್ಟೆಯಲ್ಲಿ ಕೊನೆಗೆ ಓಟು ಹಾಕಿದವರು ಯಾರು? ಮತಗಟ್ಟೆಯಲ್ಲಿ ಕೆಲಸ ಮಾಡಿದವರನ್ನೂ ಎಣಿಕೆಗೆ ಕರೆಸಿದ್ದರು, ನನ್ನನ್ನೇ ಕೇಳಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಅದನ್ನು ಇಡೀ ಸಾಲು ನೋಡಿತ್ತು. ಮತಗಟ್ಟೆಯ ಮುಖ್ಯಸ್ಥರಾಗಿ ಕೂತಿದ್ದ ಮೇಷ್ಟ್ರು ಗಿಂದೊ, ಸಂಜೆ ಎಲ್ಲರದೂ ಮುಗಿದ ಮೇಲೆ, ತಾವೂ ಪರದೆಯ ಹಿಂದೆ ಹೋಗಿ ಬಂದಿದ್ದರು.

ಅಲ್ಲಿಗೆ ಮುಗಿಯಿತು. ಮೇಷ್ಟ್ರ ಕೈಗೆ ಹಗ್ಗ ಬಿತ್ತು. ಸಂಜೆಯ ಲಾರಿ ಉತ್ತರದ ಉಪ್ಪಿನ ಗಣಿಗೆ ಹೊರಡುವುದಿತ್ತು. ಅಲ್ಲಿಗೆ ಹೋದವರು ಕಣ್ಣು ಕಳೆದುಕೊಂಡು ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಡೋಲಿನವರು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲವಲ್ಲ, ನಾಚಿಕೆಗೆಟ್ಟವರು.

ಮೇಷ್ಟ್ರು ಒಪ್ಪಲಿಲ್ಲ. ಕ್ಯಾಪ್ಟನ್‌ಗೆ ತಪ್ಪೊಪ್ಪಿಗೆ ಬೇಕಿತ್ತು. ಅದಕ್ಕೇ ನಮ್ಮಣ್ಣ ಲಸೀನೆ ಫಮಾಂತಾನನ್ನು ಕರೆಸಿದ. ಅಣ್ಣ ಪೊಲೀಸ್ ಇಲಾಖೆಯಲ್ಲಿ ಕಳ್ಳರನ್ನು ಹಿಡಿದು ಹಿಡಿದೇ ನಿವೃತ್ತನಾದವನು. ಅದಕ್ಕಿಂತ ಹೆಚ್ಚಾಗಿ ಅವನು ಬೋಜೊ, ನೀರಿನ ಜನ. ಮೇಷ್ಟ್ರು ದೋಗೊನ್, ಬಂಡೆಯ ನಾಡಿನ ಈರುಳ್ಳಿ ಬೆಳೆಯುವ ಜನ. ಬೋಜೊಗೂ ದೋಗೊನ್‌ಗೂ ಮುತ್ತಾತಂದಿರ ಕಾಲದ ಆಣೆ. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಆದರೆ ಸುಳ್ಳು ಹೇಳುವ ಹಾಗಿಲ್ಲ, ಕೇಡು ಬಗೆಯುವ ಹಾಗಿಲ್ಲ. ಆ ಆಣೆಯನ್ನೂ ಕ್ಯಾಪ್ಟನ್ ಇಕ್ಕಳದ ಹಾಗೆ ಬಳಸಲು ಹೊರಟಿದ್ದ.

ಮೇಷ್ಟ್ರನ್ನು ಜೋಳದ ಉಗ್ರಾಣದಲ್ಲಿ ಕೂಡಿಹಾಕಿದ್ದರು. ಅಣ್ಣನ ಜೊತೆ ನಾನೂ ಹೋದೆ.

“ಏನೋ ಈರುಳ್ಳಿ, ಒಣಗೋಕೆ ಹಾಕಿದಾರಾ ನಿನ್ನ?” ಅಂದ ಅಣ್ಣ.

“ಬಂದ್ಯಾ ಮೀನುನಾತ. ನೀನು ಬರೋ ಮುಂಚೇನೇ ಮೂಗಿಗೆ ಬಡೀತು.” ಮೇಷ್ಟ್ರ ತುಟಿ ಒಡೆದಿತ್ತು. ನಗಲು ಹೋಗಿ ಮತ್ತೆ ರಕ್ತ ಬಂತು.

ಅಣ್ಣ ಅವರ ಎದುರು ಕುಕ್ಕರುಗಾಲಲ್ಲಿ ಕೂತ. “ಆಣೆ ಮೇಲೆ ಕೇಳ್ತಾ ಇದೀನಿ. ಆ ಕೆಂಪು ಚೀಟಿ ನಿಂದಾ?”

“ಅಲ್ಲ.”

“ಕೊನೇಲಿ ಹಾಕಿದ್ದು ನೀನೇ?”

“ನಾನೇ.”

“ನಿನ್ನದಾದ ಮೇಲೆ ಯಾರಾದ್ರೂ—”

“ಯಾರೂ ಇಲ್ಲ. ನಾನೇ ಬೀಗ ಹಾಕ್ದೆ.”

ಅಣ್ಣ ಅವರ ಮುಖವನ್ನೇ ನೋಡಿದ. ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಅಣ್ಣ ಎದ್ದ. ಈ ಮನುಷ್ಯ ಖಾಲಿ ಲಕೋಟೆ ಹಾಕಿರಬೇಕು ಅಂದುಕೊಂಡೆ ನಾನು. ಊರಿಗೆಲ್ಲ ಧೈರ್ಯ ಹೇಳಿದವರಿಗೆ ಅದಾದರೂ ಬೇಡವೇ?

ಹೊರಗೆ ಬಂದಾಗ ಕ್ಯಾಪ್ಟನ್‌ನ ಜಗುಲಿಯಲ್ಲಿ ನಮ್ಮ ಸೋದರಮಾವ ಬಾಮೊಯಿ ಕರಬೆಂತಾ ಕೂತಿದ್ದ. ಬೆಸ್ತರ ಯಜಮಾನ, ನಮ್ಮಮ್ಮನ ಅಣ್ಣ, ನಮಗೆ ಈಜು ಕಲಿಸಿದವನು. ಹಿಂದಿನ ಸಂಜೆ ಮತಪೆಟ್ಟಿಗೆಯನ್ನು ಹೊಳೆ ದಾಟಿಸಿದ್ದು ಅವನದೇ ದೋಣಿ. ಇನ್ನೂ ಯಾಕೆ ಇಲ್ಲೇ ಇದ್ದೀಯ ಎಂದು ಅಣ್ಣ ಕೇಳಿದ. ಬೆಸ್ತರ ಸಂಘಕ್ಕೆ ದೋಣಿಯ ಮೋಟಾರು ಕೊಡಿಸುತ್ತೇನೆ ಎಂದು ಕ್ಯಾಪ್ಟನ್ ಮಾತು ಕೊಟ್ಟಿದ್ದಾನೆ, ಅದಕ್ಕೆ ಕಾಯುತ್ತಿದ್ದೇನೆ ಎಂದ ಮಾವ. ಮುಖ ಮಾತ್ರ ಮೋಟಾರು ಸಿಗುವವನ ಮುಖವಾಗಿರಲಿಲ್ಲ.

ಮತಗಟ್ಟೆ ನೋಡಬೇಕೆಂದು ಅಣ್ಣ ಹೇಳಿದ. ಈಚೆ ದಡಕ್ಕೆ ಬರುವಾಗ ಸಂತೆಗೆ ಹೊರಟ ಮೀನಿನ ದೋಣಿಗಳು ಎದುರಾದವು. ಒಳ್ಳೆಯ ಬಲೆ ಬಿದ್ದಿತ್ತು. ಪ್ರತಿ ದೋಣಿಯ ರಾಶಿಯ ಮೇಲೂ ಎಂದಿನಂತೆ ಹೊಟ್ಟೆ ಊದಿದ ವಿಷದ ಮೀನೊಂದನ್ನು ಇಟ್ಟಿದ್ದರು. ನಾನು ಕ್ಯಾಪ್ಟನ್‌ನನ್ನು ಬಯ್ಯುತ್ತಿದ್ದೆ, ಅಣ್ಣ ಕೇಳಿಸಿಕೊಳ್ಳಲೇ ಇಲ್ಲ.

ಶಾಲೆಯ ಕೋಣೆಯನ್ನು ಗುಡಿಸಿಯಾಗಿತ್ತು. ಗುಡಿಸುವವಳು ಕಂಬಾ ಅಕ್ಕ, ಶಾಲೆಯ ಮುಂದೆಯೇ ಅಲಸಂದೆ ಬೋಂಡ ಕರಿದು ಮಾರುತ್ತಾಳೆ. ಬೆಳಗಿನಿಂದ ನಮ್ಮ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬೋಂಡವನ್ನು ಚೀಟಿಯಲ್ಲಿ ಸುತ್ತಿ ಕೊಟ್ಟಳು. ಬಿಳಿ ಚೀಟಿ. ಎಣ್ಣೆಯಲ್ಲಿ ನೆಂದು ‘ಹೌದು’ ಎಂಬ ಅಚ್ಚು ಹಿಂದಿನಿಂದ ಕಾಣುತ್ತಿತ್ತು.

ಅಣ್ಣ ಅದನ್ನು ತಿರುಗಿಸಿ ನೋಡಿದ. “ಇದೆಲ್ಲಿ ಸಿಕ್ತು ಅಕ್ಕ?”

“ಪರದೆ ಹಿಂದಿನ ಗೋಣಿಚೀಲ ಇತ್ತಲ್ಲಪ್ಪ, ಬೇಡದ್ದನ್ನ ಬಿಸಾಕೋದು. ಇಷ್ಟು ಒಳ್ಳೇ ಕಾಗದ ಸುಡೋಕೆ ಆಗುತ್ತಾ?”

“ಕೆಂಪುದ್ರಲ್ಲಿ ಸುತ್ತಿ ಕೊಡು ನಂಗೆ.”

“ಎಲ್ಲಿಂದ ತರ್ಲಿ? ಚೀಲದ ಬಾಯಿ ಬಿಚ್ಚಿದಾಗ ಮೇಲೊಂದು ಕೆಂಪಿತ್ತು, ಒಲೆ ಹಚ್ಚೋಕೆ ಹಾಕ್ದೆ. ಉಳಿದಿದ್ದೆಲ್ಲ ಇದೇ ಬಿಳೀದು. ಜನರಲ್ ಸಾಹೇಬ್ರು ವರ್ಷಕ್ಕೊಂದ್ಸಲ ಓಟು ಇಡ್ಲಿ, ನನ್ನ ವ್ಯಾಪಾರಕ್ಕೆ ಅನುಕೂಲ.”

ಅಣ್ಣ ಒಲೆಯ ಬೂದಿಯನ್ನು ನೋಡಿದ. ಆಮೇಲೆ ಚೀಲವನ್ನು ತರಿಸಿ ನೆಲಕ್ಕೆ ಸುರಿದ. ಬಿಳಿಯ ರಾಶಿ. ಎಷ್ಟು ಕೆದಕಿದರೂ ಕೆಂಪು ಸಿಗಲಿಲ್ಲ.

ಪೆಟ್ಟಿಗೆ ಯಾರ ಯಾರ ಕೈಗೆ ಹೋಯಿತು ಎಂದು ನನ್ನನ್ನು ಕೇಳಿದ. ಹೇಳಿದೆ. ಬೀಗ ಹಾಕಿದ ಮೇಲೆ ಕ್ಯಾಪ್ಟನ್‌ನ ಸಿಪಾಯಿ ಎತ್ತಿಕೊಂಡ. ಜೊತೆಗೆ ಹೋಗಲು ಮೇಷ್ಟ್ರು ದೋಣಿ ಹತ್ತಿದ್ದರು, ಭಾರ ಹೆಚ್ಚಾಯಿತು ಎಂದು ಇಳಿಸಿದರು. ದೋಣಿಯಲ್ಲಿ ಉಳಿದವರು ಇಬ್ಬರೇ, ಸಿಪಾಯಿ ಮತ್ತು ಮಾವ.

“ಸಿಪಾಯಿ ಎಲ್ಲಿಯವನು?”

“ದಕ್ಷಿಣದ ಹತ್ತಿ ಸೀಮೆಯವನು. ನೀರು ಕಂಡ್ರೆ ಹೆದರ್ತಾನೆ. ದೋಣಿ ಅಂಚನ್ನ ಬಿಗಿಯಾಗಿ ಹಿಡ್ಕೊಂಡಿದ್ದ.”

ಅಣ್ಣ ಕೈಯಲ್ಲಿದ್ದ ಬೋಂಡವನ್ನು ಕೆಳಗಿಟ್ಟ. “ಅಮ್ಮ ಇದ್ದಿದ್ರೆ ಇವತ್ತು ನನ್ನ ಮನೆಯಿಂದ ಆಚೆ ಹಾಕ್ತಿದ್ಲು, ತೆನಿನ್.” ಯಾಕೆ ಎಂದು ಕೇಳಿದೆ. ಅವನು ಬಿಳಿ ಚೀಟಿಗಳನ್ನು ಜೇಬಿಗೆ ತುಂಬಿಕೊಂಡು ದೋಣಿಯ ಕಡೆ ನಡೆದ.

ಲಾರಿಯ ಎಂಜಿನ್ ಶುರು ಮಾಡಿಟ್ಟಿದ್ದರು. ಕ್ಯಾಪ್ಟನ್‌ನ ಕೋಣೆಯಲ್ಲಿ ಮೇಷ್ಟ್ರನ್ನು ನಿಲ್ಲಿಸಿದ್ದರು. ಮಾವನನ್ನೂ ಒಳಗೆ ಕರೆಸಿ, ಬಾಗಿಲು ಹಾಕಿಸಿ ಎಂದ ಅಣ್ಣ. ಕ್ಯಾಪ್ಟನ್ ಕೋಳಿಯ ಮೂಳೆ ಚೀಪುತ್ತಿದ್ದ. ಒಪ್ಪಿಕೊಂಡನಾ ಎಂದು ಕೇಳಿದ, ಮೂಳೆಯನ್ನು ಬಾಯಿಂದ ತೆಗೆಯದೆ.

ಅಣ್ಣ ಎಣ್ಣೆಯ ಬಿಳಿ ಚೀಟಿಗಳನ್ನು ಮೇಜಿನ ಮೇಲಿಟ್ಟ. ಒಬ್ಬೊಬ್ಬರಿಗೂ ಎರಡೆರಡು ಚೀಟಿ ಕೊಟ್ಟಿದ್ದಿರಿ, ಎಂದ. ಲಕೋಟೆಗೆ ಒಂದು, ಚೀಲಕ್ಕೆ ಇನ್ನೊಂದು. ಪೆಟ್ಟಿಗೆಯ ತುಂಬ ಬಿಳಿ ಇದ್ದರೆ ಚೀಲದ ತುಂಬ ಕೆಂಪು ಇರಬೇಕಿತ್ತು. ಚೀಲದ ತುಂಬ ಬಿಳಿಯೇ ಇದೆ. ಹಾಗಾದರೆ ಈ ಮೇಜಿನ ಮೇಲೆ ಬಿಚ್ಚಿದ್ದು ನಮ್ಮೂರು ತುಂಬಿದ ಪೆಟ್ಟಿಗೆಯೇ ಅಲ್ಲ. ಆ ಪೆಟ್ಟಿಗೆ ಹೊಳೆಯ ತಳದಲ್ಲಿದೆ. ಇದು ಬೇರೆಯವರು ತುಂಬಿದ್ದು.

ಕ್ಯಾಪ್ಟನ್ ಚೀಪುವುದನ್ನು ನಿಲ್ಲಿಸಿದ. ಪೆಟ್ಟಿಗೆ ಬದಲಾದದ್ದು ಅವನಿಗೆ ಹೊಸ ವಿಷಯವೇನೂ ಆಗಿರಲಿಲ್ಲ, ಫೋಟೋದವನ ಮುಂದೆ ಕೆಂಪು ಬಿದ್ದ ಮೇಲೆ ಅದನ್ನು ಯಾರದಾದರೂ ತಲೆಗೆ ಕಟ್ಟಬೇಕಿತ್ತು ಅಷ್ಟೇ. ಮೇಷ್ಟ್ರ ಮುಖ ಮಾತ್ರ ಬೂದಿಯಾಯಿತು. ಚೀಟಿಗಳ ಮೇಲೆ ನೆಟ್ಟ ಕಣ್ಣು ತೆಗೆಯಲಿಲ್ಲ.

“ಆ ಕೆಂಪು ಯಾರದು?” ಕ್ಯಾಪ್ಟನ್ ಕೇಳಿದ.

“ತುಂಬಿದವನದು. ಬಿಳಿ ಲಕೋಟೆ ಎಲ್ಲ ತುಂಬಿ, ಎಲ್ಲದಕ್ಕಿಂತ ಮೇಲೆ ಒಂದೇ ಒಂದು ಕೆಟ್ಟದ್ದು ಇಟ್ಟಿದಾನೆ. ಹೀಗೆ ಯಾರು ಮಾಡ್ತಾರೆ? ಹೊಳೆ ಮೇಲೆ ಹೋಗಿ ನೋಡಿ ಸಾಹೇಬ್ರೆ. ದೋಣಿ ತುಂಬ ಮೀನು ಬಿದ್ರೆ ನಾವು ಬೋಜೊ ಜನ ಮೇಲೊಂದು ವಿಷದ ಮೀನು ಇಡ್ತೀವಿ. ಇಲ್ದಿದ್ರೆ ಜನರ ದೃಷ್ಟಿ ತಾಗಿ ಮುಂದಿನ ಬಲೆ ಖಾಲಿ. ನಿಮ್ಮ ಸಿಪಾಯಿಗೆ ಇದು ಗೊತ್ತಿಲ್ಲ. ದೋಣೀಲಿ ಬೋಜೊ ಒಬ್ಬನೇ ಇದ್ದ.”

ಅಣ್ಣ ಮಾವನ ಕಡೆ ನೋಡಲಿಲ್ಲ. ನಾನು ನೋಡಿದೆ. ಮುದುಕ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

“ನಿಮ್ಮ ಒಳ್ಳೇದಕ್ಕೇ ಇಟ್ಟೆ ಸಾಹೇಬ್ರೆ,” ಎಂದ ಮಾವ. “ಪೆಟ್ಟಿಗೆ ತುಂಬ ಬರೀ ಬಿಳಿ. ಅಷ್ಟು ತುಂಬಿದ್ದನ್ನ ನೋಡಿ ಯಾರ ಕಣ್ಣು ಬೀಳಲ್ಲ ಹೇಳಿ? ನನ್ನ ಕೈಯಿಂದ ಹೋದದ್ದು ಕೆಡಬಾರದು ಅಂತ.”

ಥೂ. ಅನ್ಯಾಯಕ್ಕೂ ದೃಷ್ಟಿ ತೆಗೆಯುವ ಕಾಲ ಬಂತು. ನಮ್ಮ ಬಾಯಿಯ ಮಾತನ್ನು ಹೊಳೆಗೆ ಎಸೆದು, ಅದರ ಜಾಗಕ್ಕೆ ಇಟ್ಟ ಸುಳ್ಳು ಕೆಡದಿರಲಿ ಎಂದು ಹಿರಿಯರ ಪದ್ಧತಿ ಪಾಲಿಸಿದ್ದಾನೆ ನಮ್ಮ ಮಾವ. ಆ ಕೈಯೇ ನನ್ನ ಗಲ್ಲ ಹಿಡಿದು ನೀರ ಮೇಲೆ ತೇಲಿಸಿದ್ದು ಎಂದು ನೆನೆದರೆ ಮೈಯೆಲ್ಲ ಹೇಸಿಗೆಯಾಯಿತು.

ಕ್ಯಾಪ್ಟನ್ ಎದ್ದ. ಅಣ್ಣ ಅವನಿಗೆ ಅವಕಾಶ ಕೊಡದೆ ಮಾತು ಮುಂದುವರಿಸಿದ. ಮೇಷ್ಟ್ರನ್ನು ಗಣಿಗೆ ಕಳಿಸಿದರೆ ಈ ಊರಲ್ಲಿ ಒಬ್ಬ ಬೇಡ ಅಂದ ಎಂದು ದಾಖಲೆಯಾಗುತ್ತದೆ. ಇದು ಮಾವ ದೃಷ್ಟಿಗೆ ಇಟ್ಟ ಮೀನು ಎಂದಾದರೆ ಬೇಡ ಅಂದವರು ಯಾರೂ ಇಲ್ಲ. ಮರಕ್ಕೆ ಕಟ್ಟಿದ ಬಟ್ಟೆ ಬಿಚ್ಚಬೇಕಾಗಿಲ್ಲ.

ಕ್ಯಾಪ್ಟನ್ ಅದನ್ನು ಚಪ್ಪರಿಸಿ ಚಪ್ಪರಿಸಿ ಯೋಚಿಸಿದ. ಆಮೇಲೆ ಕೆಂಪು ಚೀಟಿಯಿಂದ ತುಟಿಯ ಜಿಡ್ಡು ಒರೆಸಿಕೊಂಡು ತಟ್ಟೆಯಲ್ಲಿ ಹಾಕಿದ. ಫೋಟೋದವನನ್ನು ಮತ್ತೆ ಕರೆಸಿದ. ಮೇಷ್ಟ್ರ ಹಗ್ಗ ಬಿಚ್ಚಿಸಿದ. ಮಾವನಿಗೆ ಮೋಟಾರು ಇಲ್ಲ ಎಂದ. ಇಷ್ಟೇ ಅವನ ನ್ಯಾಯ, ನಮಗೂ ಅಷ್ಟೇ ಸಾಕೆನಿಸಿತು.

ಹೊಳೆಯ ದಡಕ್ಕೆ ನಾವು ಮೂವರೇ ಬಂದೆವು. ಮೇಷ್ಟ್ರು ನಡೆಯುತ್ತಲೇ ಇದ್ದವರು ನೀರಿನ ಅಂಚಿನಲ್ಲಿ ನಿಂತರು.

“ಊರೆಲ್ಲ ಬೇಡ ಅಂದಿತ್ತಾ, ಲಸೀನೆ?”

“ಊರೆಲ್ಲ.”

“ನಾನು ಪರದೆ ಹಿಂದೆ ಹೋದೆ. ಮಕ್ಕಳು ಕಣ್ಮುಂದೆ ಬಂದ್ರು. ನಾನು...”

“ಗೊತ್ತು,” ಅಂದ ಅಣ್ಣ. “ಚೀಲದಲ್ಲೂ ಕೊನೇದು ಮೇಲೇ ಇರುತ್ತೆ. ಕಂಬಾ ಅಕ್ಕನ ಚೀಲದ ಮೇಲಿದ್ದಿದ್ದು ಕೆಂಪು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೆಂಪನ್ನು ಬಿಸಾಡಿದವರು ಬಿಳಿಯನ್ನು ಹಾಕಿದ್ದಾರೆ. ಇಡೀ ಊರಲ್ಲಿ ನಿಜವಾಗಿ ಹೌದು ಎಂದವರು ಮೇಷ್ಟ್ರು ಒಬ್ಬರೇ. ಅಣ್ಣನಿಗೆ ಅದು ಶಾಲೆಯ ಮುಂದೆಯೇ ಗೊತ್ತಾಗಿತ್ತು. ಕಂಬಾ ಅಕ್ಕನನ್ನು ಕ್ಯಾಪ್ಟನ್ ಮುಂದೆ ನಿಲ್ಲಿಸಿ ಅದೊಂದನ್ನು ಹೇಳಿಸಿದ್ದರೆ ಸಾಕಿತ್ತು, ಮಾವನ ಹೆಸರೇ ಬರುತ್ತಿರಲಿಲ್ಲ.

“ಅದನ್ನೇ ಹೇಳ್ಬಿಡಬಹುದಿತ್ತಲ್ಲೋ,” ಎಂದರು ಮೇಷ್ಟ್ರು. “ನಿಮ್ಮ ಮಾವನ್ನ ಯಾಕೆ ಹಿಡ್ಕೊಟ್ಟೆ?”

“ನಾಳೆ ಮಕ್ಕಳ ಮುಂದೆ ನಿಂತ್ಕೋಬೇಕಲ್ಲ ನೀನು,” ಅಂದ ಅಣ್ಣ. “ನಿನ್ನ ಮಾತು ನಂಬಿ ಊರು ಓಟು ಹಾಕ್ತು. ಅವರಿಗೆ ಇದನ್ನ ಯಾವ ಬಾಯಲ್ಲಿ ಹೇಳ್ಲಿ?”

ಮೇಷ್ಟ್ರು ಅಲ್ಲೇ ಕೂತು ವಾಂತಿ ಮಾಡಿಕೊಂಡರು. ನಾನು ಅವರ ಹಣೆ ಹಿಡಿದುಕೊಂಡೆ. ಬಯ್ಯಬೇಕೆನಿಸಿತು, ಬಯ್ಯಲಾಗಲಿಲ್ಲ. ಮಾವ ಆಗಲೇ ದೋಣಿ ಬಿಟ್ಟುಕೊಂಡು ನಡುಹೊಳೆ ದಾಟಿದ್ದ. ಅಣ್ಣ ದಡದಲ್ಲಿ ನಿಂತು ಅವನನ್ನು ಎರಡು ಸಲ ಕೂಗಿದ. ಮುದುಕ ಹುಟ್ಟು ಹಾಕುತ್ತಲೇ ಹೋದ, ತಿರುಗಿ ನೋಡಲಿಲ್ಲ.